ಅಲ್ಲಾಟ ಹುಡುಕುವ ಕೈ

ಬೆಳಗಿನ ಐದೂ ಮುಕ್ಕಾಲು. ತಗಡಿನ ಶೆಡ್ಡಿನ ಮುಂದೆ ಹಳೆಯದೊಂದು ಪಿಕಪ್ ಗಾಡಿ ಮುಂದಿನ ಎರಡೂ ಚಕ್ರಗಳನ್ನು ದಪ್ಪ ಮರದ ದಿಮ್ಮಿಗಳ ಮೇಲೆ ಹತ್ತಿಸಿಕೊಂಡು ನಿಂತಿದೆ. ಅದರ ಕೆಳಗಿನಿಂದ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತಿವೆ. ಪಕ್ಕದಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ, ಚಪ್ಪಲಿಯ ಮೇಲೆ ಮಡಚಿಟ್ಟ ಕನ್ನಡಕ.

ಟಕ್ ಎಂದು ಕೆಳಗಿನಿಂದ ಒಂದು ಸದ್ದು ಬರುತ್ತದೆ. ಸ್ಪ್ಯಾನರಿನಿಂದ ಚಾಸಿಗೆ, ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಹೊಡೆದದ್ದು. ಚಾಲಕನ ಸೀಟಿನಲ್ಲಿ ಕೂತ ಐವತ್ತೈದರ ಗಂಡಸು ಸ್ಟಿಯರಿಂಗ್ ಚಕ್ರವನ್ನು ಅಂಗೈಯಗಲ ಎಡಕ್ಕೆ, ಅಂಗೈಯಗಲ ಬಲಕ್ಕೆ ಅಲ್ಲಾಡಿಸತೊಡಗುತ್ತಾನೆ. ತೊಟ್ಟಿಲು ತೂಗಿದಷ್ಟೇ ಮೆಲ್ಲಗೆ. ಟಕ್ ಟಕ್. ನಿಲ್ಲಿಸುತ್ತಾನೆ. ಮತ್ತೆ ಟಕ್. ಮತ್ತೆ ಶುರು.

ಗಾಡಿ ತಂದವನು ಹೊರಗೆ ನಿಂತು ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದಾನೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ನಿದ್ದೆ ಸಾಲದ ಕಣ್ಣು. ತಾಳ್ಮೆ ತಪ್ಪಿ ಕಿಟಕಿಯ ಬಳಿ ಬಂದು ಕೇಳುತ್ತಾನೆ, "ಏನಂತೆ ಮೇಸ್ತ್ರಿ?"

"ನನ್ನ ಕೇಳ್ಬೇಡಿ," ಎನ್ನುತ್ತಾನೆ ಸೀಟಿನಲ್ಲಿದ್ದವನು. "ನಾನು ಬರೀ ಚಕ್ರ ಅಲ್ಲಾಡ್ಸೋನು. ಡಾಕ್ಟ್ರು ಕೆಳಗಿದ್ದಾರೆ."

ಡಾಕ್ಟರು ಎಂದರೆ ಅವನ ಹೆಂಡತಿ. ವಯಸ್ಸು ನಲವತ್ತೊಂಬತ್ತು. ಗಂಡನ ಹಳೆಯ ತುಂಬು ತೋಳಿನ ಅಂಗಿ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಬೆನ್ನ ಕೆಳಗೆ ಬಿಚ್ಚಿ ಹಾಸಿದ ರಟ್ಟಿನ ಪೆಟ್ಟಿಗೆ. ಈ ಬೀದಿಯ ಗ್ಯಾರೇಜಿನವರು ಆಕೆಯನ್ನು ಕರೆಯುವುದು ಸ್ಟೇರಿಂಗಕ್ಕ ಎಂದು. ಹಳೆಯ ಗಾಡಿಯ ಸ್ಟಿಯರಿಂಗ್ ಸಡಿಲವಾದರೆ ಆ ಸಡಿಲು ಎಲ್ಲಿ ಹುಟ್ಟುತ್ತಿದೆ ಎಂದು ಪತ್ತೆ ಹಚ್ಚುವುದು ಅಕ್ಕನ ಕೆಲಸ. ಹನ್ನೊಂದು ವರ್ಷಗಳಿಂದ ಇದೊಂದನ್ನೇ ಮಾಡುತ್ತಿದ್ದಾರೆ.

ಕೇಳಲು ಸುಲಭ. ಚಕ್ರ ತಿರುಗಿಸುವ ಕೈಯಿಂದ ರಸ್ತೆ ಮುಟ್ಟುವ ಟೈರಿನವರೆಗೆ ನಡುವೆ ಹತ್ತು ಹನ್ನೆರಡು ಕೂಡಿಕೆಗಳಿವೆ. ಯಾವುದು ಸವೆದರೂ ಮೇಲೆ ಕೂತವನಿಗೆ ಅನಿಸುವುದು ಒಂದೇ: ಚಕ್ರ ತಿರುಗಿಸಿದರೂ ಗಾಡಿ ತಕ್ಷಣ ಮಾತು ಕೇಳುವುದಿಲ್ಲ. ಹಾಗಾಗಿ ಗ್ಯಾರೇಜಿನವರು ಒಂದೊಂದೇ ಭಾಗ ಬದಲಿಸುತ್ತಾ ಹೋಗುತ್ತಾರೆ. ಅಕ್ಕ ಏನನ್ನೂ ಬಿಚ್ಚುವುದಿಲ್ಲ. ಪ್ರತಿ ಕೂಡಿಕೆಯ ಮೇಲೂ ಅಂಗೈ ಇಡುತ್ತಾರೆ, ಅರ್ಧ ಆ ಕಡೆಗೆ, ಅರ್ಧ ಈ ಕಡೆಗೆ. ಮೇಲೆ ಗಂಡ ಚಕ್ರ ಅಲ್ಲಾಡಿಸುತ್ತಾನೆ.

"ಎರಡೂ ಕಡೆ ಒಟ್ಟಿಗೆ ಹೊರಟ್ರೆ ಸರಿ ಇದೆ ಅಂತ," ಎನ್ನುತ್ತಾರೆ. "ಒಂದು ಹೊರಟು, ಇನ್ನೊಂದು ಆಮೇಲೆ ಎದ್ದು ಬಂದ್ರೆ ಕಳ್ಳ ಅಲ್ಲೇ ಇದ್ದಾನೆ. ಕಣ್ಣಿಗೆ ಕಾಣಲ್ಲ ಅದು. ಒಂದು ನೂಲಿನಷ್ಟು ಇರುತ್ತೆ ಅಷ್ಟೆ."

ಜಾಕ್ ಹಾಕಿ ಗಾಡಿ ಎತ್ತುವುದಿಲ್ಲ. ಎತ್ತಿದರೆ ಟೈರು ಗಾಳಿಯಲ್ಲಿ ತೂಗುತ್ತದೆ, ಕೂಡಿಕೆಗಳ ಮೇಲಿನ ಭಾರ ಇಳಿಯುತ್ತದೆ, ದೋಷ ಅಡಗಿ ಕೂರುತ್ತದೆ. ಗಾಡಿ ತನ್ನ ಭಾರ ತಾನೇ ಹೊತ್ತು ನಿಂತಿರಬೇಕು, ಅಕ್ಕ ಅದರ ಕೆಳಗೆ ಮಲಗಬೇಕು. ದಿಮ್ಮಿಗಳು ಅದಕ್ಕೇ. ನೆಲದಲ್ಲಿ ಗುಂಡಿ ತೋಡಿದ್ದರೆ ನಿಂತು ಕೆಲಸ ಮಾಡಬಹುದಿತ್ತು. ಶೆಡ್ಡಿನ ಮಾಲೀಕ ನೆಲಕ್ಕೆ ಹಾರೆ ಹಾಕಲು ಬಿಡುವುದಿಲ್ಲ. ದಿನಕ್ಕೆ ಮೂರು ನಾಲ್ಕು ಗಾಡಿ, ಒಂದೊಂದಕ್ಕೂ ಮುಕ್ಕಾಲು ಗಂಟೆ. ಲೆಕ್ಕ ಹಾಕಿದರೆ ದಿನದ ಮೂರು ಗಂಟೆ ಅಂಗಾತ ಮಲಗಿ, ಎರಡೂ ಕೈ ಮೇಲೆತ್ತಿ. ಬಲಭುಜ ರಾತ್ರಿ ಮಗ್ಗುಲು ಬದಲಿಸಲು ಬಿಡುವುದಿಲ್ಲ. ಕಣ್ಣಿಗೆ ಬಿದ್ದ ತುಕ್ಕಿನ ಚೂರನ್ನು ಆಸ್ಪತ್ರೆಯಲ್ಲಿ ಎರಡು ಸಲ ತೆಗೆಸಿದ್ದಾರೆ. ವಾರಕ್ಕೊಮ್ಮೆ ಮಗಳು ತಾಯಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಕೂದಲಿನಿಂದ ಗ್ರೀಸು ತೆಗೆಯುತ್ತಾಳೆ. "ಅಮ್ಮ, ನಿನ್ನ ತಲೆ ಹಿಂಡಿದ್ರೆ ಒಂದು ಬೇರಿಂಗ್ ಓಡುತ್ತೆ," ಎಂಬುದು ಅವಳ ಹಳೆಯ ತಮಾಷೆ. ಅಕ್ಕ ಪ್ರತಿ ಸಲವೂ ನಗುತ್ತಾರೆ.

ಬೆಳಗಾಗುವ ಮೊದಲೇ ಕೆಲಸ ಶುರುವಾಗುವುದಕ್ಕೂ ಕಾರಣವಿದೆ. ಇಲ್ಲಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವನ್ನು ತರುವವರು ಇದೇ ಬೀದಿಯ ಬೇರೆ ಗ್ಯಾರೇಜಿನವರು. ಗಾಡಿಯ ಮಾಲೀಕರು ಬರುವಷ್ಟರಲ್ಲಿ ತೋರಿಸಿಕೊಂಡು ಹೋಗಿಬಿಡುತ್ತಾರೆ. ದೋಷ ಹುಡುಕಿದ ಹೆಸರು ಅವರದಾಗುತ್ತದೆ. ನೇರವಾಗಿ ಬರುವವರದು ಇನ್ನೊಂದು ಬಗೆ.

"ಮೇಸ್ತ್ರಿ ಇಲ್ವೇನಮ್ಮಾ?" ಎಂದು ಕೇಳುತ್ತಾರೆ.

"ಟೀಗೆ ಹೋಗಿದ್ದಾರೆ. ಗಾಡಿಗೆ ಏನಾಗಿದೆ ಹೇಳಿ."

"ಪರವಾಗಿಲ್ಲ, ಅವರೇ ಬರ್ಲಿ."

ಗಂಡ ಬರುವವರೆಗೆ ಅವರು ಕಾಯುತ್ತಾರೆ. ಅವನು ಬಂದ ಮೇಲೆ ಎಲ್ಲವನ್ನೂ ಹೇಳುತ್ತಾರೆ. ಅವನು ಎಲ್ಲ ಕೇಳಿಸಿಕೊಂಡು, ಪಕ್ಕದಲ್ಲೇ ನಿಂತಿರುವ ಹೆಂಡತಿಯತ್ತ ತಿರುಗಿ, "ಕೇಳಿಸ್ತಾ?" ಎನ್ನುತ್ತಾನೆ. "ಕೇಳಿಸ್ತು," ಎಂದು ಅಕ್ಕ ಚಪ್ಪಲಿ ಬಿಟ್ಟು ಗಾಡಿಯ ಕೆಳಗೆ ಹೋಗುತ್ತಾರೆ. ಗಿರಾಕಿಗಳ ಮುಖ ನೋಡಲು ಆ ಹೊತ್ತಿಗೆ ಅವರಿಗೆ ಪುರುಸೊತ್ತಿರುವುದಿಲ್ಲ.

ಮೊದಲು ಗಂಡನೇ ಈ ಕೆಲಸ ಮಾಡುತ್ತಿದ್ದ. ಅಕ್ಕ ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಸೀಟಿಗೆ ಕವರ್ ಹೊಲಿಯುತ್ತಿದ್ದರು. ಒಂದು ದಿನ ಅವನು ಆಗಷ್ಟೇ ನಿಲ್ಲಿಸಿದ ಗಾಡಿಯ ಸೈಲೆನ್ಸರ್ ಪೈಪನ್ನು ಆಸರೆಗೆ ಹಿಡಿದು ಮಾತಾಡುತ್ತಾ ಕೂತ. ಹಿಡಿದೇ ಇದ್ದ. ಸುಟ್ಟ ವಾಸನೆ ಮೊದಲು ಹೋದದ್ದು ಹೆಂಡತಿಯ ಮೂಗಿಗೆ. ಅವನ ಬೆರಳಿನ ತುದಿಗಳಲ್ಲಿ ಸ್ಪರ್ಶವೇ ಇರಲಿಲ್ಲ. ಸಕ್ಕರೆ ಕಾಯಿಲೆ. ಬೆರಳು ಮರಗಟ್ಟಿ ಒಂದು ವರ್ಷವೇ ಆಗಿತ್ತು. ಅವನು ಯಾರಿಗೂ ಹೇಳಿರಲಿಲ್ಲ.

"ಕೈ ಸುಟ್ಟಿದ್ದಕ್ಕೆ ಬೈಲಿಲ್ಲ ನಾನು," ಎನ್ನುತ್ತಾರೆ ಅಕ್ಕ. "ಮುಚ್ಚಿಟ್ಟಿದ್ದಕ್ಕೆ ಒಂದು ತಿಂಗಳು ಮಾತು ಬಿಟ್ಟಿದ್ದೆ. ಆ ತಿಂಗಳೇ ಕೆಲಸ ಕಲಿತಿದ್ದು. ಮಾತಿಲ್ಲ ನೋಡಿ, ಅದಕ್ಕೇ ಈ ಟಕ್ ಟಕ್ ಶುರುವಾಯ್ತು."

ಹೊಲಿಗೆಯವರ ಬೆರಳು. ಬಟ್ಟೆಯ ಅಡಿಯಲ್ಲಿ ದಾರ ಒಂದೆಳೆ ಸಿಕ್ಕಿಕೊಂಡರೂ ಗೊತ್ತಾಗುತ್ತಿತ್ತು. ಕಬ್ಬಿಣ ಅದಕ್ಕಿಂತ ಸುಲಭ, ಅದು ಸುಕ್ಕುಗಟ್ಟುವುದಿಲ್ಲ ಎನ್ನುವುದು ಅಕ್ಕನ ವಾದ.

ಈ ದಿನದ ಗಾಡಿ ಸುಲಭದ್ದಲ್ಲ. ಚಕ್ರ ತಿರುಗಿಸಲು ಶುರು ಮಾಡಿ, ಟೈರು ಅಲುಗುವಷ್ಟರಲ್ಲಿ ಚಕ್ರ ಐದು ಬೆರಳಿನಗಲ ಸರಿಯುತ್ತಿದೆ. ಎರಡು ಬೆರಳು ಸರಿ, ಮೂರಾದರೆ ಎಚ್ಚರಿಕೆ. ಐದು ಎಂದರೆ ಓಡಿಸುವವನು ಗಾಡಿಯನ್ನು ಬೇಡಿಕೊಳ್ಳುತ್ತಿದ್ದಾನೆ ಎಂದರ್ಥ. ಮೂರು ಗ್ಯಾರೇಜು ಸುತ್ತಿ ಬಂದಿದೆ. ರಾಡುಗಳು ಹೊಸವು, ಕೂಡಿಕೆಗಳು ಹೊಸವು, ಚಕ್ರದ ತಿರುವನ್ನು ರಾಡುಗಳಿಗೆ ದಾಟಿಸುವ ಸ್ಟಿಯರಿಂಗ್ ಬಾಕ್ಸ್ ಕೂಡ ಬದಲಾಗಿದೆ. ಕೊನೆಗೆ ಟೈರಿನ ಅಂಗಡಿಯವನೊಬ್ಬ, "ಆ ಅಕ್ಕನ ಹತ್ರ ಹೋಗು, ಬೇರೆ ಯಾರ ಕೈಲೂ ಆಗಲ್ಲ," ಎಂದು ಕಳಿಸಿದ್ದಾನೆ.

ಗಾಡಿ ತಂದ ಚಾಲಕನಿಗೆ ಅವಸರ. ಪ್ರತಿದಿನ ಆರೂವರೆಗೆ ಅವನು ಹದಿನಾಲ್ಕು ಹೆಂಗಸರನ್ನು ಈ ಗಾಡಿಯ ಹಿಂದೆ ಕೂರಿಸಿಕೊಂಡು ಗುಡ್ಡದ ಆಚೆಗಿರುವ ಹಣ್ಣು ಆರಿಸುವ ಶೆಡ್ಡಿಗೆ ಹೋಗಬೇಕು. ಹನ್ನೆರಡು ತಿರುವಿನ ಇಳಿಜಾರು. ಏಳಕ್ಕೆ ಗೇಟು ಮುಚ್ಚುತ್ತದೆ. ಹೋಗದಿದ್ದರೆ ಹೆಂಗಸರ ದಿನ ಹಾಳು, ಗುತ್ತಿಗೆದಾರ ಬೇರೆ ಗಾಡಿ ಗೊತ್ತು ಮಾಡಿದರೆ ಇವನ ಕೆಲಸವೇ ಹೋಗುತ್ತದೆ.

ಕೆಳಗೆ ಅಕ್ಕನ ಕೈ ಕೂಡಿಕೆಯಿಂದ ಕೂಡಿಕೆಗೆ ಹೋಗುತ್ತಿದೆ. ಎಲ್ಲವೂ ಸರಿಯಾಗಿವೆ, ಬಾಕ್ಸ್‌ನ ಒಳಗೂ ಸರಿಯಾಗಿದೆ. ಆದರೂ ಐದು ಬೆರಳು. ಅಕ್ಕ ಒಂದು ನಿಮಿಷ ಸುಮ್ಮನೆ ಮಲಗುತ್ತಾರೆ. ಆಮೇಲೆ ಅಂಗೈಯ ಅರ್ಧವನ್ನು ಬಾಕ್ಸ್‌ನ ಮೈ ಮೇಲೆ, ಇನ್ನರ್ಧವನ್ನು ಅದು ಕೂತಿರುವ ಚಾಸಿಯ ಮೇಲೆ ಇಟ್ಟು ಟಕ್ ಎನ್ನಿಸುತ್ತಾರೆ.

"ರೀ," ಎಂದು ಕೆಳಗಿನಿಂದಲೇ ಕೂಗುತ್ತಾರೆ, "ಬಾಕ್ಸೇ ಅಲ್ಲಾಡ್ತಿದೆ."

"ಬೋಲ್ಟು?"

"ಕಲ್ಲಿನ ಹಾಗಿವೆ."

ಗಂಡ ಚಕ್ರದಿಂದ ಕೈ ತೆಗೆಯುತ್ತಾನೆ. ಬೋಲ್ಟು ಬಿಗಿಯಾಗಿದ್ದೂ ಬಾಕ್ಸ್ ಅಲ್ಲಾಡುತ್ತಿದ್ದರೆ ಅಲ್ಲಾಡುತ್ತಿರುವುದು ಬೋಲ್ಟು ಹಿಡಿದಿರುವ ಕಬ್ಬಿಣ. ಚಾಸಿ ಎಂದರೆ ಗಾಡಿಯ ಬೆನ್ನುಮೂಳೆ. ಆ ಜಾಗಕ್ಕೆ ಯಾರೋ ಇತ್ತೀಚೆಗೆ ಕಪ್ಪು ಬಣ್ಣ ಬಳಿದಿದ್ದಾರೆ. ಅಕ್ಕ ಚಾಕುವಿನಿಂದ ಬಣ್ಣ ಕೆರೆದು, ಬಟ್ಟೆಯನ್ನು ಡೀಸೆಲ್‌ಗೆ ಅದ್ದಿ ಚೆನ್ನಾಗಿ ಒರೆಸಿ, ಐದು ನಿಮಿಷ ಬಿಟ್ಟು, ಒಣಬಟ್ಟೆಯಲ್ಲಿ ಪೂರ್ತಿ ಒಣಗಿಸುತ್ತಾರೆ. ಆಮೇಲೆ ಸೀಮೆಸುಣ್ಣದ ಪುಡಿಯನ್ನು ಮೆತ್ತುತ್ತಾರೆ. ಕಬ್ಬಿಣ ಬೆಳ್ಳಗಾಗುತ್ತದೆ. ಕಾಯುತ್ತಾರೆ. ಬಿಳುಪಿನ ನಡುವೆ ಕೂದಲಿನಂಥ ಕಪ್ಪು ಗೆರೆಯೊಂದು ತಾನಾಗಿ ಮೂಡುತ್ತದೆ. ಸೀಳಿನೊಳಗೆ ಇಳಿದು ಕೂತ ಡೀಸೆಲ್ ಹೊರಗೆ ಬೆವರಿ ಪುಡಿಯನ್ನು ನೆನೆಸಿದೆ. ಗೆರೆ ಒಂದು ಬೋಲ್ಟಿನಿಂದ ಹೊರಟು ಇನ್ನೊಂದನ್ನು ಮುಟ್ಟಿ, ಅದನ್ನೂ ದಾಟಿ ಕೆಳಗೆ ತಿರುಗಿದೆ.

ಅಕ್ಕ ಹೊರಗೆ ಬಂದು ಕನ್ನಡಕ ಹಾಕಿಕೊಂಡು ಹೇಳುತ್ತಾರೆ, "ಚಾಸಿ ಸೀಳಿದೆ. ಇವತ್ತು ಗಾಡಿ ಹೊರಡಲ್ಲ."

"ಏನಕ್ಕಾ ನೀವು!" ಚಾಲಕ ಬಗ್ಗಿ ನೋಡಿ ಮೊದಲು ನಗುತ್ತಾನೆ. "ಅದು ಬಣ್ಣ ಕೆರೆದ ಗೀರು. ಎರಡು ತಿಂಗಳಿಂದ ಹೀಗೇ ಓಡಿಸ್ತಿದ್ದೀನಿ, ಏನಾಗಿದೆ?"

"ಆಗಿದ್ರೆ ನೀವು ಇಲ್ಲಿ ನಿಂತು ಮಾತಾಡ್ತಿರಲಿಲ್ಲ."

"ಒಂದು ಕೆಲ್ಸ ಮಾಡಿ. ಬಾಕ್ಸ್ ಮೇಲೆ ಒಂದು ಸ್ಕ್ರೂ ಇದ್ಯಲ್ಲ, ಅದನ್ನ ಎರಡು ಸುತ್ತು ಬಿಗಿ ಮಾಡಿ ಕೊಟ್ಬಿಡಿ. ಲೂಸ್ ಹೋಗುತ್ತೆ. ರಜೆ ದಿನ ತಂದು ಬಿಡ್ತೀನಿ, ನೀವು ಏನು ಬೇಕಾದ್ರೂ ಮಾಡ್ಕೊಳ್ಳಿ."

ಸ್ಕ್ರೂ ಎಂಬ ಮಾತು ಕಿವಿಗೆ ಬಿದ್ದದ್ದೇ ಗಂಡ ಸೀಟಿನಿಂದ ಇಳಿಯುತ್ತಾನೆ. "ಆ ಸ್ಕ್ರೂ ನಾನು ಬಿಗಿ ಮಾಡಿದ್ದೆ ಒಂದ್ಸಲ," ಎನ್ನುತ್ತಾನೆ.

ಅದು ಅವನ ಬೆರಳು ಮರಗಟ್ಟಿದ್ದ ಆ ಗುಟ್ಟಿನ ವರ್ಷ. ಮರಳು ಸಾಗಿಸುವ ಗಾಡಿಯೊಂದು ಇದೇ ದೂರಿನೊಂದಿಗೆ ಬಂದಿತ್ತು. ಸಡಿಲು ಒಂದು ಕೂಡಿಕೆಯಲ್ಲಿತ್ತು. ಅವನ ಕೈಗೆ ಅದು ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳುವುದು ಅವನಿಂದ ಆಗಲಿಲ್ಲ. ಸ್ಕ್ರೂ ಬಿಗಿ ಮಾಡಿದ. ಸಡಿಲು ಮಾಯವಾಯಿತು. ಮಾಲೀಕ ಕೈ ಕುಲುಕಿ ಹೋದ. ಎರಡನೆಯ ದಿನ ತಿರುವೊಂದರಲ್ಲಿ ತಿರುಗಿದ ಚಕ್ರ ನೇರಕ್ಕೆ ವಾಪಸ್ ಬರಲಿಲ್ಲ, ಅತಿ ಬಿಗಿಯಾಗಿ ಅಲ್ಲೇ ಹಿಡಿದುಕೊಂಡಿತು. ಗಾಡಿ ಗೋಡೆಗೆ ಗುದ್ದಿತು. ಚಾಲಕನ ಮಂಡಿ ಮುರಿಯಿತು.

"ಅವನು ಈಗ್ಲೂ ಇದೇ ರಸ್ತೇಲಿ ಕುಂಟ್ಕೊಂಡು ಹೋಗ್ತಾನೆ," ಎಂದು ಗಂಡ ಹೇಳುತ್ತಾನೆ. "ನಂಗೆ ನಮಸ್ಕಾರ ಬೇರೆ ಮಾಡ್ತಾನೆ. ಯಾಕಾಯ್ತು ಅಂತ ಹೇಳಿದ್ದೀನಿ ಅವನಿಗೆ. ಆದ್ರೂ ಮಾಡ್ತಾನೆ."

ಪಿಕಪ್ ಚಾಲಕನ ದನಿ ಏರುತ್ತದೆ. "ನಂಗೇನು ಭಯ ಇಲ್ವಾ? ನನ್ನ ಹೆಂಡ್ತೀನೂ ಇದೇ ಗಾಡೀಲಿ ಬರೋದು!"

"ಎಲ್ಲಿ ಕೂರ್ತಾರೆ?" ಅಕ್ಕ ಕೇಳುತ್ತಾರೆ.

"ಹಿಂದೆ. ಎಲ್ಲರ ಜೊತೆ."

"ಬನ್ನಿ, ಮಲಗಿ."

"ಎಲ್ಲಿ?"

"ನಾನು ಮಲಗಿದ್ದ ಜಾಗದಲ್ಲೇ. ಶರ್ಟು ಕೊಳೆಯಾಗುತ್ತೆ, ಆಗ್ಲಿ."

ಅವನು ರಟ್ಟಿನ ಮೇಲೆ ಮಲಗಿ ಒಳಗೆ ಸರಿಯುತ್ತಾನೆ. ಅಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೈ ಚಾಚಿ ಅವನ ತೋರುಬೆರಳನ್ನು ಹಿಡಿದು ಸೀಳಿನ ಮೇಲೆ ಒತ್ತಿ ಇಡುತ್ತಾರೆ. ಗಂಡ ಮತ್ತೆ ಸೀಟು ಹತ್ತಿದ್ದಾನೆ. ಟಕ್. ಚಕ್ರ ಎಡಕ್ಕೆ, ಬಲಕ್ಕೆ.

"ಅಯ್ಯೋ!" ಚಾಲಕ ಬೆರಳು ಕಿತ್ತುಕೊಳ್ಳುತ್ತಾನೆ. "ಕಚ್ತು!"

ಸೀಳು ತೆರೆದು ಮುಚ್ಚುವಾಗ ಬೆರಳಿನ ಚರ್ಮವನ್ನು ಹಿಡಿದಿದೆ. ರಕ್ತ ಬಂದಿಲ್ಲ, ಕೆಂಪು ಗೆರೆ ಬಿದ್ದಿದೆ. ಅವನು ಅದನ್ನೇ ನೋಡುತ್ತಾ ಇನ್ನೂ ಸ್ವಲ್ಪ ಹೊತ್ತು ಗಾಡಿಯ ಕೆಳಗೇ ಮಲಗಿರುತ್ತಾನೆ. ಹೊರಗೆ ಬಂದಾಗ ಶರ್ಟಿನ ಬೆನ್ನು ಕಪ್ಪಾಗಿದೆ. ಫೋನ್ ತೆಗೆದು ಹೆಂಡತಿಗೆ ಕರೆ ಮಾಡುತ್ತಾನೆ.

"ಎಲ್ರಿಗೂ ಹೇಳ್ಬಿಡು. ಇವತ್ತು ಗಾಡಿ ಬರಲ್ಲ."

ಆ ಕಡೆಯ ದನಿ ಶೆಡ್ಡಿಗೆಲ್ಲ ಕೇಳುತ್ತದೆ. "ರಸ್ತೇಲಿ ನಿಂತಿದ್ದೀವಿ ನಾವು ಹದಿನಾಲ್ಕು ಜನ! ಈಗ ಹೇಳ್ತೀರಾ? ನಿನ್ನೆ ಏನು ಬಾಯಿಗೆ ಬೀಗ ಹಾಕಿತ್ತಾ?"

"ನಿನ್ನೆ ಗೊತ್ತಿರ್ಲಿಲ್ಲ ಕಣೇ."

"ಎರಡು ತಿಂಗಳಿಂದ ಹೇಳ್ತಿದ್ದೀನಿ, ಗಾಡಿ ಕುಡಿದೋನ ಹಾಗೆ ಹೋಗುತ್ತೆ ಅಂತ. ನಾನು ಹೇಳಿದ್ರೆ ಗೊತ್ತಾಗಲ್ಲ, ಬೇರೆಯವರು ಹೇಳಿದ್ರೆ ಗೊತ್ತಾಗುತ್ತೆ!"

ಅಕ್ಕ ಮುಖ ತಿರುಗಿಸಿ ನಗುತ್ತಾರೆ. "ಆಯಮ್ಮನ್ನೇ ಇಲ್ಲಿಗೆ ಕಳಿಸಿ," ಎನ್ನುತ್ತಾರೆ. "ಕೆಲಸಕ್ಕೆ ಬರ್ತಾರೆ."

ಎಂಟಕ್ಕೆ ಗುತ್ತಿಗೆದಾರನ ಫೋನ್ ಬರುತ್ತದೆ. ಈ ದಿನಕ್ಕೆ ಬೇರೆ ಗಾಡಿ ಹಾಕಿಕೊಂಡಿದ್ದಾನೆ. ನಾಳೆ ಆರೂವರೆಗೆ ಗಾಡಿ ಬಂದು ನಿಂತಿರಬೇಕು, ಇಲ್ಲದಿದ್ದರೆ ಇನ್ನು ಬರುವುದೇ ಬೇಡ. ಚಾಲಕ ಇದನ್ನು ಅಕ್ಕನಿಗೆ ಎರಡು ಸಲ ಹೇಳುತ್ತಾನೆ. ಅಕ್ಕ ಎರಡು ಸಲವೂ "ಹೂಂ" ಎನ್ನುತ್ತಾರೆ, ಅವಸರ ಮಾಡುವುದಿಲ್ಲ.

ಮೂರು ಮನೆಯಾಚೆಯ ವೆಲ್ಡಿಂಗಿನವನು ಹತ್ತಕ್ಕೆ ಬರುತ್ತಾನೆ. ಅಷ್ಟರಲ್ಲಿ ಗಂಡ ಹೆಂಡತಿ ಸೇರಿ ಬಾಕ್ಸ್ ಬಿಚ್ಚಿ ಕೆಳಗಿಳಿಸಿದ್ದಾರೆ. ಬೋಲ್ಟಿನ ಜೋರು ಬೇಕಾದ ಮೊದಲ ಸುತ್ತು ಗಂಡನದು, ಬೆರಳಲ್ಲೇ ಬಿಚ್ಚುವ ಉಳಿದ ಸುತ್ತುಗಳು ಅಕ್ಕನವು. ವೆಲ್ಡಿಂಗಿನವನು ಸೀಳು ನೋಡಿ ನೇರವಾಗಿ ವೆಲ್ಡಿಂಗ್ ರಾಡ್ ಹಿಡಿಯುತ್ತಾನೆ. ಅಕ್ಕ ಅಡ್ಡ ಬರುತ್ತಾರೆ.

"ಮೊದ್ಲು ಸೀಳಿನ ತುದೀಲಿ ಒಂದು ಸಣ್ಣ ತೂತು ಕೊರಿ. ಆಮೇಲೆ ವೆಲ್ಡಿಂಗು. ಆಮೇಲೆ ಮೇಲೊಂದು ಪ್ಲೇಟು."

"ಅಕ್ಕಾ, ಸೀಳು ಮುಚ್ಚೋಕೆ ಕರೆದು ತೂತು ಮಾಡು ಅಂತೀರಲ್ಲ."

"ಹರಿದ ಬಟ್ಟೆಗೆ ತುದಿ ಕಟ್ಟದೆ ಹೊಲಿದ್ರೆ ಏನಾಗುತ್ತೆ? ಹೊಲಿಗೆ ಗಟ್ಟಿ ಇರುತ್ತೆ, ಪಕ್ಕದಲ್ಲಿ ಮತ್ತೆ ಹರ್ಕೊಂಡು ಹೋಗುತ್ತೆ. ಕೊರಿ, ಕೊರಿ."

"ಟೈಲರ್ ಕೈಲಿ ವೆಲ್ಡಿಂಗ್ ಕಲೀಬೇಕಾಗಿ ಬಂತು ನಂಗೆ," ಎಂದು ಅವನು ಡ್ರಿಲ್ ಕೈಗೆತ್ತಿಕೊಳ್ಳುತ್ತಾನೆ. ಗೊಣಗಿದರೂ ತೂತನ್ನು ಸೀಳಿನ ತುದಿಗೆ ಸರಿಯಾಗಿ ಹಾಕುತ್ತಾನೆ. ಗಟ್ಟಿ ಪ್ಲೇಟು ಕೂರುತ್ತದೆ. ಚಾಲಕ ಬೇಗ ಆರಲೆಂದು ಬಕೆಟ್ಟಿನಲ್ಲಿ ನೀರು ತರುತ್ತಾನೆ. ಅಕ್ಕ ಬಕೆಟ್ಟನ್ನು ಇಸಿದುಕೊಂಡು ಅವನಿಗೇ ಕೈಕಾಲು ತೊಳೆಯಲು ಹೇಳುತ್ತಾರೆ. ಬಿಸಿ ಕಬ್ಬಿಣಕ್ಕೆ ನೀರು ಹೊಯ್ದರೆ ಅದು ಗಡುಸಾಗಿ ಮತ್ತೆ ಸೀಳಲು ನೋಡುತ್ತದೆ. ಅದು ತಾನಾಗಿ ಆರಬೇಕು, ಅದಕ್ಕೆ ಎರಡು ಗಂಟೆ ಬೇಕು. ಆ ಎರಡು ಗಂಟೆ ಚಾಲಕ ಶೆಡ್ಡಿನ ಉದ್ದವನ್ನು ಎಷ್ಟು ಸಲ ಅಳೆದನೋ ಎಣಿಸಿದವರಿಲ್ಲ.

ಮೂರು ಗಂಟೆಗೆ ಬಾಕ್ಸ್ ಮತ್ತೆ ತನ್ನ ಜಾಗದಲ್ಲಿದೆ. ಗಾಡಿ ದಿಮ್ಮಿಗಳ ಮೇಲೇ ಇದೆ. ಗಂಡ ಸೀಟಿನಲ್ಲಿ, ಅಕ್ಕ ಕೆಳಗೆ. ಟಕ್. ಈ ಸಲ ಆಕೆ ಬರೀ ಪ್ಲೇಟಿನ ಮೇಲೆ ಕೈ ಇಟ್ಟು ಮುಗಿಸುವುದಿಲ್ಲ. ಮೊದಲ ಕೂಡಿಕೆಯಿಂದ ಕೊನೆಯದರವರೆಗೆ ಮತ್ತೆ ಹೋಗುತ್ತಾರೆ. ಒಂದು ದೊಡ್ಡ ದೋಷ ಸಿಕ್ಕ ಖುಷಿಯಲ್ಲಿ ಅದರ ಹಿಂದಿರುವ ಸಣ್ಣದನ್ನು ಬಿಟ್ಟುಬಿಡುವುದು ಈ ಕೆಲಸದವರು ಮಾಡುವ ತಪ್ಪು. ಅಂಥದ್ದೇನೂ ಸಿಗುವುದಿಲ್ಲ. ಚಕ್ರ ಎರಡು ಬೆರಳಿನಗಲ ಸರಿದು ಟೈರನ್ನು ಹಿಡಿಯುತ್ತದೆ.

"ಹೇಗಿದೆ?" ಗಂಡ ಮೇಲಿನಿಂದ ಕೇಳುತ್ತಾನೆ.

"ಸುಮ್ನೆ ಇದೆ," ಎನ್ನುತ್ತಾರೆ ಅಕ್ಕ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ದೊಡ್ಡ ಆಸೆಗಳೇನೂ ಇಲ್ಲ ಇವರಿಗೆ. ಕೇಳಿದರೆ ಮೊದಲು ಗುಂಡಿ ಎನ್ನುತ್ತಾರೆ, ಒಂದು ಸಲವಾದರೂ ನಿಂತು ಕೆಲಸ ಮಾಡುವಂಥ ಗುಂಡಿ. ಆಮೇಲೆ ಸ್ವಲ್ಪ ಯೋಚಿಸಿ, "ಮಾತಾಡೋರು ನನ್ನ ಮುಖ ನೋಡಿ ಮಾತಾಡಿದ್ರೆ ಸಾಕು," ಎಂದು ಸೇರಿಸುತ್ತಾರೆ. "ಗಾಡಿ ವಿಷ್ಯ ಇವರಿಗೆ ಹೇಳಿ, ಇವರು ನಂಗೆ ಹೇಳಿ, ಅಷ್ಟರಲ್ಲಿ ಅರ್ಧ ಗಂಟೆ ಹೋಗುತ್ತೆ."

ಓಡಿಸಿ ನೋಡುವುದೊಂದು ಬಾಕಿ. ಗುಡ್ಡದ ದಾರಿಯಲ್ಲಿ ಮೂರನೆಯ ತಿರುವಿನವರೆಗೆ ಹತ್ತಿ ಇಳಿದು ಬರಬೇಕು. ಚಾಲಕ ಕೊಳೆ ಶರ್ಟಿನಲ್ಲೇ ಸೀಟಿಗೆ ಕೂರುತ್ತಾನೆ. ಪಕ್ಕದ ಬಾಗಿಲು ತೆರೆದು, ಸೀಟನ್ನು ಒಮ್ಮೆ ಕೈಯಲ್ಲಿ ಒರೆಸಿ ಕರೆಯುತ್ತಾನೆ. ಈ ಸಲ ಅವನು ನೋಡುತ್ತಿರುವುದು ಮೇಸ್ತ್ರಿಯನ್ನಲ್ಲ.

"ಬನ್ನಿ ಅಕ್ಕಾ, ಕೂತ್ಕೊಳ್ಳಿ."

ಅಕ್ಕ ಅಷ್ಟು ಹೊತ್ತಿಗೆ ಗಾಡಿಯ ಹಿಂದೆ ಹೋಗಿದ್ದಾರೆ. ಹಿಂದಿನ ಹಲಗೆ ಇಳಿಸಿ, ಟೈರಿನ ಮೇಲೆ ಕಾಲಿಟ್ಟು, ನೋವಿರುವ ಭುಜವನ್ನು ಬಿಟ್ಟು ಇನ್ನೊಂದು ಕೈಯಲ್ಲಿ ಹಿಡಿದು ಮೇಲೆ ಹತ್ತುತ್ತಾರೆ. ಹೆಂಗಸರು ಕೂರುವ ಅಡ್ಡ ಹಲಗೆಯ ಮೇಲೆ ಕೂತು ಕಾಲು ಊರಿಕೊಳ್ಳುತ್ತಾರೆ.

"ಅಲ್ಯಾಕಕ್ಕಾ? ಮುಂದೆ ಜಾಗ ಇದ್ಯಲ್ಲ!"

"ಬೇಡ, ಹೊರಡಿ," ಎನ್ನುತ್ತಾರೆ ಅಕ್ಕ. "ಮುಂದೆ ಕೂತೋರಿಗೆ ಹಿಡ್ಕೊಳ್ಳೋಕೆ ಚಕ್ರ ಇದೆ. ಹಿಂದೆ ಕೂತೋರಿಗೆ ನಂಬೋಕೆ ನನ್ನ ಕೆಲಸ ಒಂದೇ ಇರೋದು."